ಮೈಲುತುತ್ತದ ನೀಲಿ, ಅನ್ನಭೇದಿಯ ಮೌನ ಮತ್ತು ಪಾತ್ರೆ ಅಂಗಡಿಯ ಅಯಸ್ಕಾಂತ

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ. ಮಳೆ ಹಿಡಿಯುವ ಮೊದಲು ಕೊಳೆರೋಗದ ಔಷಧಿಗೆ ಮೈಲುತುತ್ತ ಕರಗಿಸುತ್ತಿದ್ದಾಗ ಪಿಯುಸಿ ಓದುವ ಮಗಳು ಒಂದರ ಹಿಂದೆ ಒಂದು ಕೇಳಿದಳು, ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮೈಲುತುತ್ತ ನೀಲಿ, ಗೊಬ್ಬರಕ್ಕೆ ತಂದ ಸತುವಿನ ಸಲ್ಫೇಟ್ ಬಿಳಿ, ಏಕೆ? ಕಬ್ಬಿಣಕ್ಕೆ ಅಂಟುವ ಅಯಸ್ಕಾಂತ ಕಬ್ಬಿಣದ್ದೇ ಲವಣವಾದ ಅನ್ನಭೇದಿಗೆ ಏಕೆ ಅಂಟುವುದಿಲ್ಲ? ಅಯಸ್ಕಾಂತ ಅಂಟಿದರೆ ಸ್ಟೀಲ್ ನಕಲಿ ಎಂದು ಪಾತ್ರೆ ಅಂಗಡಿಯವರು ಹೇಳಿದರು, ನಿಜವೇ? ಕೊನೆಯದು ನನ್ನ ಪ್ರಶ್ನೆ: ಮೈಲುತುತ್ತಕ್ಕೆ ಸುಣ್ಣ ಕಲಸಿದ ಬೋರ್ಡೋ ದ್ರಾವಣದಲ್ಲಿ ಅದ್ದಿ ನೋಡಿದ ಕತ್ತಿ ಕೆಂಪಾಗಿದೆ. ಕತ್ತಿ ಕೆಟ್ಟಿತೇ?

ಉತ್ತರ: ಮೊದಲು ಕತ್ತಿಯನ್ನು ತೊಳೆದು ಒರೆಸಿಡಿ. ಅದರ ಕತೆಗೆ ಕೊನೆಯಲ್ಲಿ ಬರುತ್ತೇನೆ.

ನಿಮ್ಮ ಮಗಳಿಗೆ ತಿಳಿದೋ ತಿಳಿಯದೆಯೋ ನಾಲ್ಕೂ ಪ್ರಶ್ನೆಗಳು ಒಂದೇ ಬಾವಿಯ ನೀರು. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್, ಅನ್ನಭೇದಿ ಎಂದರೆ ಕಬ್ಬಿಣದ ಸಲ್ಫೇಟ್, ಪಾತ್ರೆಯಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ ಮತ್ತು ನಿಕ್ಕಲ್. ಪಠ್ಯಪುಸ್ತಕ ಇವನ್ನು ಸಂಕ್ರಮಣ ಲೋಹಗಳು ಎನ್ನುತ್ತದೆ. ಈ ಬಳಗದ ವಿಶೇಷವೆಲ್ಲ ಇರುವುದು ಡಿ ಕಕ್ಷಕಗಳು ಎಂಬ ಐದು ಕೋಣೆಗಳಲ್ಲಿ. ಒಂದು ಕೋಣೆಯಲ್ಲಿ ಹೆಚ್ಚೆಂದರೆ ಇಬ್ಬರು, ಅಂದರೆ ಎರಡು ಎಲೆಕ್ಟ್ರಾನುಗಳು, ಇರಬಹುದು. ಇಬ್ಬರು ಒಂದೇ ಕೋಣೆಯಲ್ಲಿದ್ದರೆ ಒಬ್ಬರ ಗಿರಕಿ (ಪಠ್ಯದ ಮಾತಿನಲ್ಲಿ ಸ್ಪಿನ್) ಇನ್ನೊಬ್ಬರದಕ್ಕೆ ತಿರುಗುಮುರುಗಾಗಿರಲೇಬೇಕು. ಸಾಧ್ಯವಿದ್ದಷ್ಟೂ ಕಾಲ ಬೇರೆ ಬೇರೆ ಕೋಣೆಯಲ್ಲಿ ಒಂಟಿಯಾಗಿರುವುದೇ ಅವುಗಳಿಗೆ ಇಷ್ಟ.

ಪರಮಾಣು ಒಂಟಿಯಾಗಿ ಶೂನ್ಯದಲ್ಲಿದ್ದಾಗ ಐದೂ ಕೋಣೆಗಳು ಒಂದೇ ಶಕ್ತಿಯ ಮಟ್ಟದಲ್ಲಿರುತ್ತವೆ. ಆದರೆ ಲವಣದಲ್ಲಿ ಅದಕ್ಕೆ ನೆರೆಹೊರೆಯವರಿದ್ದಾರೆ. ನೀರಿನ ಅಣುಗಳು ತಮ್ಮ ಆಕ್ಸಿಜನ್ ಬದಿಯನ್ನು ಒಳಮುಖ ಮಾಡಿ ಸುತ್ತುವರಿಯುತ್ತವೆ. ಆರು ದಿಕ್ಕಿನಿಂದ ನೆರೆಯವರು ಒತ್ತಿದಾಗ ಅವರಿಗೆ ನೇರ ಎದುರಾಗಿರುವ ಎರಡು ಕೋಣೆಗಳು ಅಟ್ಟಕ್ಕೇರುತ್ತವೆ, ಉಳಿದ ಮೂರು ಕೆಳಗೇ ಉಳಿಯುತ್ತವೆ. ಹಾನ್ಸ್ ಬೆಥೆ 1929ರಲ್ಲಿ ಹರಳುಗಳಿಗಾಗಿ ಇದರ ಲೆಕ್ಕ ಹಾಕಿದರು. ಅದನ್ನು ಲೋಹದ ಲವಣಗಳ ಕಾಂತಗುಣಕ್ಕೆ ಜೋಡಿಸಿದವರಲ್ಲಿ ಮುಖ್ಯರು ವ್ಯಾನ್ ವ್ಲೆಕ್. ಅವರಿಗೆ 1977ರಲ್ಲಿ ನೊಬೆಲ್ ಬಂತು. ಅಟ್ಟ ಎಷ್ಟು ಎತ್ತರ ಎಂಬುದನ್ನು ಲೋಹ ಒಂದೇ ತೀರ್ಮಾನಿಸುವುದಿಲ್ಲ. ನೆರೆಯವರು ಯಾರು, ಎಷ್ಟು ಜನ, ಎಷ್ಟು ಹತ್ತಿರ ಎಂಬುದರ ಮೇಲೆ ಹೋಗುತ್ತದೆ. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರವಷ್ಟೆ.

ಮೈಲುತುತ್ತದ ತಾಮ್ರದಲ್ಲಿ ಒಂಬತ್ತು ಡಿ ಎಲೆಕ್ಟ್ರಾನುಗಳಿವೆ. ನಾಲ್ಕು ಕೋಣೆ ಭರ್ತಿ, ಅಟ್ಟದ ಒಂದು ಕೋಣೆಯಲ್ಲಿ ಒಂದು ಜಾಗ ಖಾಲಿ. ಬೆಳಕು ಬಿದ್ದಾಗ ಕೆಳಗಿನ ಒಂದು ಎಲೆಕ್ಟ್ರಾನು ಆ ಖಾಲಿ ಜಾಗಕ್ಕೆ ಹಾರುತ್ತದೆ. ಆ ಹಾರಿಕೆಗೆ ಬೇಕಾದ ಶಕ್ತಿ ಬಿಸಿಲಿನ ಕೆಂಪು ಭಾಗದಲ್ಲೂ ಅದರಾಚೆ ಕಣ್ಣಿಗೆ ಕಾಣದ ಅವಕೆಂಪಿನಲ್ಲೂ ಇದೆ. ಕೆಂಪನ್ನು ಹರಳು ನುಂಗಿತು, ಉಳಿದ ನೀಲಿ ನಿಮ್ಮ ಕಣ್ಣಿಗೆ ಬಂತು. ಸತುವಿನಲ್ಲಿ ಹತ್ತೂ ಭರ್ತಿ. ಹಾರಲು ಜಾಗವೇ ಇಲ್ಲದ ಮೇಲೆ ಯಾವ ಬಣ್ಣವನ್ನೂ ನುಂಗುವುದಿಲ್ಲ, ಹಾಗಾಗಿ ಬಿಳಿ. ಇದೇ ಕಾರಣಕ್ಕೆ ಸತುವನ್ನು ಈ ಬಳಗದ ಪಕ್ಕದ ಮನೆಯವನೆಂದು ಪರಿಗಣಿಸುತ್ತಾರೆಯೇ ಹೊರತು ಬಳಗದವನೆಂದಲ್ಲ.

ಮಗಳಿಗೆ ಒಂದು ಕೆಲಸ ಕೊಡಿ. ಅಡುಗೆಗೆ ಮತ್ತೆ ಬಳಸದ ಹಳೆಯ ಸ್ಟೀಲ್ ಚಮಚದಲ್ಲಿ ಚಿಟಿಕೆ ಮೈಲುತುತ್ತ ಇಟ್ಟು, ಗಾಳಿಯಾಡುವ ಕಡೆ ಸಣ್ಣ ಉರಿಯ ಮೇಲೆ ಹಿಡಿಯಲಿ. ಹರಳಿನ ತೂಕದಲ್ಲಿ ನೂರಕ್ಕೆ 36 ಪಾಲು ನೀರೇ ಇದೆ. ಅದು ಹೋಗುತ್ತಿದ್ದಂತೆ ನೀಲಿ ಮಾಸಿ ಬೂದಿ ಮಿಶ್ರಿತ ಬಿಳಿಯಾಗುತ್ತದೆ. ಜಾಸ್ತಿ ಕಾಯಿಸಬಾರದು, ಕಪ್ಪಾಗಿ ಕೆಟ್ಟ ಹೊಗೆ ಬರುತ್ತದೆ. ತಣಿದ ಮೇಲೆ ಒಂದು ಹನಿ ನೀರು ಬಿಟ್ಟರೆ ಕ್ಷಣದಲ್ಲಿ ನೀಲಿ ಮರಳಿ ಬರುತ್ತದೆ, ಚಮಚ ಬೆಚ್ಚಗಾಗುತ್ತದೆ. ತಾಮ್ರಕ್ಕೆ ಏನೂ ಆಗಿರಲಿಲ್ಲ. ಅದರ ಒಂಬತ್ತು ಎಲೆಕ್ಟ್ರಾನು ಹಾಗೇ ಇದ್ದವು. ನೀರು ಎದ್ದುಹೋಗಿ ಆ ಜಾಗಕ್ಕೆ ಸಲ್ಫೇಟಿನ ಆಕ್ಸಿಜನ್ ಬಂದಾಗ ಅಟ್ಟ ತಗ್ಗಿತು, ನುಂಗುವ ಬೆಳಕು ಪೂರ್ತಿಯಾಗಿ ಅವಕೆಂಪಿಗೆ ಸರಿಯಿತು, ಕಣ್ಣಿಗೆ ಬಿಳಿ ಕಂಡಿತು. ಅಂದರೆ ಒಣಗಿಸಿದ ಮೈಲುತುತ್ತದ ಬಿಳಿಯೂ ಸತುವಿನ ಸಲ್ಫೇಟಿನ ಬಿಳಿಯೂ ಒಂದೇ ಅಲ್ಲ. ಮೊದಲನೆಯದು ಕಾಣದ ಬೆಳಕನ್ನು ನುಂಗುತ್ತಿದೆ, ಎರಡನೆಯದು ನುಂಗುತ್ತಲೇ ಇಲ್ಲ. ಈ ವ್ಯತ್ಯಾಸ ಕಣ್ಣಿಗೆ ತಿಳಿಯದಿದ್ದರೂ ಅಯಸ್ಕಾಂತಕ್ಕೆ ತಿಳಿಯುತ್ತದೆ.

ಹೇಗೆಂದರೆ, ಒಂಟಿ ಎಲೆಕ್ಟ್ರಾನು ಎಂದರೆ ಒಂದು ಪುಟ್ಟ ಅಯಸ್ಕಾಂತ. ಜೋಡಿಯಾದರೆ ಎರಡರ ಗಿರಕಿಯೂ ಒಂದನ್ನೊಂದು ಅಳಿಸಿಹಾಕುತ್ತದೆ. ಒಂಟಿಗಳ ಸಂಖ್ಯೆಯನ್ನು ಅದಕ್ಕಿಂತ ಎರಡು ಹೆಚ್ಚಿನ ಸಂಖ್ಯೆಯಿಂದ ಗುಣಿಸಿ ವರ್ಗಮೂಲ ತೆಗೆದರೆ ಆ ಅಯಾನಿನ, ಅಂದರೆ ಎಲೆಕ್ಟ್ರಾನು ಕಳೆದುಕೊಂಡ ಪರಮಾಣುವಿನ, ಕಾಂತಬಲ ಬೋರ್ ಮ್ಯಾಗ್ನೆಟಾನ್ ಎಂಬ ಮಾನದಲ್ಲಿ ಬರುತ್ತದೆ. ತಾಮ್ರಕ್ಕೆ ಒಂದು ಒಂಟಿ, 1.73. ಅನ್ನಭೇದಿಯ ಕಬ್ಬಿಣಕ್ಕೆ ನಾಲ್ಕು, 4.90. ಮ್ಯಾಂಗನೀಸ್ ಸಲ್ಫೇಟಿನಲ್ಲಿ ಐದು, 5.92. ಅಳೆದಾಗ ತಾಮ್ರ ಮತ್ತು ಕಬ್ಬಿಣಕ್ಕೆ ಇದಕ್ಕಿಂತ ಸ್ವಲ್ಪ ಹೆಚ್ಚೇ ಸಿಗುತ್ತದೆ, ಎಲೆಕ್ಟ್ರಾನಿನ ಕಕ್ಷೆಯ ಚಲನೆಯೂ ತನ್ನ ಪಾಲು ಸೇರಿಸುವುದರಿಂದ. ಮ್ಯಾಂಗನೀಸ್ ಮಾತ್ರ ಬಹುತೇಕ ಸೂತ್ರದಂತೆಯೇ ನಡೆಯುವ ಶಿಸ್ತಿನ ಹುಡುಗ.

ಇದನ್ನು ಮನೆಯಲ್ಲೇ ನೋಡಬಹುದು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಕಾಲೇಜಿನ ದೊಡ್ಡ ಉಪಕರಣ ವರ್ಷಕ್ಕೆ ಆರು ತಿಂಗಳು ಕೆಟ್ಟು ನಿಂತಿರುತ್ತಿತ್ತು, ಆಗ ಕಲಿತ ಉಪಾಯವಿದು. 0.01 ಗ್ರಾಂ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ತೆಗೆದುಕೊಳ್ಳಿ. ಅದರ ಮೇಲೆ ನಾಲ್ಕು ಬೆರಳು ಎತ್ತರದ ಮರದ ತುಂಡು, ಅದರ ನೆತ್ತಿಯಲ್ಲಿ ಒಂದು ನಿಯೋಡೈಮಿಯಂ ಅಯಸ್ಕಾಂತ. ಮರ ಏಕೆಂದರೆ ತಕ್ಕಡಿಯ ಒಳಗಿನ ಲೋಹದಿಂದ ಅಯಸ್ಕಾಂತ ದೂರವಿರಬೇಕು. ಈಗ ಸೊನ್ನೆಗೆ ತಂದು, ಲವಣ ತುಂಬಿದ ತೆಳು ಪ್ಲಾಸ್ಟಿಕ್ ಚೀಲವನ್ನು ಮೇಲಿನಿಂದ, ತಾಗಿಸದೆ, ಅಯಸ್ಕಾಂತಕ್ಕೆ ಕೂದಲೆಳೆ ಅಂತರದವರೆಗೆ ತನ್ನಿ. ಲವಣ ಅಯಸ್ಕಾಂತವನ್ನು ಮೇಲಕ್ಕೆಳೆದರೆ ತೂಕ ಇಳಿಯುತ್ತದೆ, ಅಂಕಿಯ ಮುಂದೆ ಋಣ ಚಿಹ್ನೆ ಮೂಡುತ್ತದೆ. ಸತುವಿನ ಸಲ್ಫೇಟಿಗೆ ಅಂಕಿ ಅಲುಗುವುದಿಲ್ಲ. ಸೂಕ್ಷ್ಮ ತಕ್ಕಡಿಯಾದರೆ ಅಯಸ್ಕಾಂತವನ್ನು ತುಸು ಕೆಳಕ್ಕೆ ತಳ್ಳುವುದೂ ಉಂಟು. ಮೈಲುತುತ್ತಕ್ಕೆ ಸ್ವಲ್ಪ ಇಳಿಯುತ್ತದೆ, ಅನ್ನಭೇದಿಗೆ ಇನ್ನೂ ಚೆನ್ನಾಗಿ. ಗೊಬ್ಬರದ ಅಂಗಡಿಯಲ್ಲಿ ಮ್ಯಾಂಗನೀಸ್ ಸಲ್ಫೇಟ್ ಸಿಕ್ಕರೆ ಅದನ್ನೂ ಹಿಡಿಯಿರಿ, ನೋಡಿದವರು ಹುಬ್ಬೇರಿಸುತ್ತಾರೆ. ಬಿಳಿಯಾದ ಮೈಲುತುತ್ತವೂ ಎಳೆಯುತ್ತದೆ ಎಂಬುದನ್ನು ಮರೆಯದೆ ತೋರಿಸಿ.

ಬೆಳೆದ ವಿದ್ಯಾರ್ಥಿಗಳೂ ಎಡವುವ ಜಾಗ ಇದೇ. ಬಣ್ಣ ಗಾಢವಾದರೆ ಕಾಂತಗುಣ ಹೆಚ್ಚು ಎಂದುಕೊಳ್ಳುತ್ತಾರೆ. ಈ ಸಾಲಿನಲ್ಲಿ ಎಲ್ಲಕ್ಕಿಂತ ಜೋರಾಗಿ ಎಳೆಯುವ ಮ್ಯಾಂಗನೀಸ್ ಸಲ್ಫೇಟಿನ ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ ಗುಲಾಬಿ. ಐದು ಕೋಣೆಯಲ್ಲೂ ಒಬ್ಬೊಬ್ಬರು, ಎಲ್ಲರ ಗಿರಕಿಯೂ ಒಂದೇ ಕಡೆ. ಯಾರೇ ಅಟ್ಟಕ್ಕೆ ಹೋದರೂ ಅಲ್ಲಿರುವವನ ಜೊತೆ ಜೋಡಿಯಾಗಲು ತನ್ನ ಗಿರಕಿಯನ್ನೇ ತಿರುಗಿಸಬೇಕು. ಬೆಳಕು ಆ ಕೆಲಸವನ್ನು ತೀರಾ ಅಪರೂಪಕ್ಕೆ ಮಾಡಿಸುತ್ತದೆ. ತದ್ವಿರುದ್ಧವಾಗಿ, ಬಾವಿಗೆ ಹಾಕುವ ಪೊಟ್ಯಾಷಿಯಂ ಪರ್ಮಾಂಗನೇಟ್ ಕಣ್ಣು ಕೋರೈಸುವ ನೇರಳೆ. ಅದರ ಮ್ಯಾಂಗನೀಸಿನಲ್ಲಿ ಡಿ ಎಲೆಕ್ಟ್ರಾನು ಒಂದೂ ಇಲ್ಲ. ಅಲ್ಲಿ ಬೆಳಕು ಆಕ್ಸಿಜನ್ನಿನ ಎಲೆಕ್ಟ್ರಾನನ್ನೇ ಎತ್ತಿ ಮ್ಯಾಂಗನೀಸಿನ ಖಾಲಿ ಕೋಣೆಗೆ ಕಳಿಸುತ್ತದೆ. ಅದು ಬೇರೆಯೇ ಬಗೆಯ ಬಣ್ಣ.

ತಕ್ಕಡಿಯಂತಹ ಉಪಾಯದಿಂದ ರಸಾಯನ ವಿಜ್ಞಾನ ಮಾಡುವುದು ನಮ್ಮ ದೇಶಕ್ಕೆ ಹೊಸದಲ್ಲ. ಶಾಂತಿಸ್ವರೂಪ ಭಟ್ನಾಗರ್ ಅವರು ಕೆ. ಎನ್. ಮಾಥುರ್ ಜೊತೆಗೂಡಿ 1928ರಲ್ಲಿ ಇಂತಹ ಅಳತೆಗೆಂದೇ ಬೆಳಕಿನ ಪಟ್ಟೆಗಳ ಸರಿತವನ್ನು ನೋಡುವ ಅತಿಸೂಕ್ಷ್ಮ ತಕ್ಕಡಿ ಕಟ್ಟಿದ್ದರು. ಲಂಡನ್ನಿನ ಉಪಕರಣ ತಯಾರಕರು ಅದನ್ನು ಮಾರಾಟಕ್ಕೂ ತಂದರು.

ನೆರೆಯವರು ಬದಲಾದರೆ ಕಾಂತಗುಣ ಇದ್ದಕ್ಕಿದ್ದಂತೆ ಮಾಯವಾಗುವುದೂ ಉಂಟು. ಪುಡಿ ಉಪ್ಪಿನ ಕೆಲವು ಪೊಟ್ಟಣಗಳ ಮೇಲೆ ಗಂಟುಕಟ್ಟದಿರಲು ಹಾಕಿದ ವಸ್ತು ಎಂದು 536 ಎಂಬ ಸಂಖ್ಯೆ ಇರುತ್ತದೆ. ಅದು ಪೊಟ್ಯಾಷಿಯಂ ಫೆರೋಸಯನೈಡ್. ಅದರಲ್ಲಿರುವುದೂ ಅನ್ನಭೇದಿಯಲ್ಲಿರುವಂತಹದೇ ಕಬ್ಬಿಣ, ಅದೇ ಆರು ಡಿ ಎಲೆಕ್ಟ್ರಾನು. ಆದರೆ ಆರು ಸಯನೈಡ್ ಗುಂಪುಗಳು ಒತ್ತಿ ಹಿಡಿದಿರುವುದರಿಂದ ಅಟ್ಟ ತೀರಾ ಎತ್ತರ. ಹತ್ತುವ ಶ್ರಮಕ್ಕಿಂತ ಇಕ್ಕಟ್ಟೇ ಮೇಲೆಂದು ಆರೂ ಕೆಳಗಿನ ಮೂರು ಕೋಣೆಗಳಲ್ಲಿ ಜೋಡಿಯಾಗಿ ಬಿಡುತ್ತವೆ. ಒಂಟಿಗಳು ಸೊನ್ನೆ, ಎಳೆತವೂ ಸೊನ್ನೆ. ಹೆಸರು ಕೇಳಿ ಉಪ್ಪು ಚೆಲ್ಲಬೇಡಿ: ಕಬ್ಬಿಣ ಆ ಸಯನೈಡನ್ನು ಸುಲಭಕ್ಕೆ ಬಿಡುವುದಿಲ್ಲ, ಹಾಕುವ ಪ್ರಮಾಣವೂ ಅತ್ಯಲ್ಪ.

ನಿಮ್ಮ ನಾಡಿಯಲ್ಲೂ ಇದೇ ಆಟ ನಡೆದಿದೆ. ಫ್ಯಾರಡೆ 1845ರಲ್ಲಿ ಒಣಗಿದ ರಕ್ತವನ್ನು ಪರೀಕ್ಷಿಸಿ, ಕಬ್ಬಿಣವಿದ್ದರೂ ಅಯಸ್ಕಾಂತ ಎಳೆಯುವುದಿಲ್ಲವಲ್ಲ ಎಂದು ಗುರುತು ಹಾಕಿಕೊಂಡು, ತಾಜಾ ರಕ್ತದಲ್ಲಿ ನೋಡಬೇಕೆಂದು ಬರೆದಿಟ್ಟಿದ್ದರು. ಅದಕ್ಕೆ ತೊಂಬತ್ತು ವರ್ಷ ಹಿಡಿಯಿತು. 1936ರಲ್ಲಿ ರಸಾಯನ ವಿಜ್ಞಾನಿಗಳಾದ ಪೌಲಿಂಗ್ ಮತ್ತು ಕೊರಿಯೆಲ್ ಅಳೆದಾಗ ಆಕ್ಸಿಜನ್ ಕಳೆದುಕೊಂಡ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಒಂದೊಂದು ಕಬ್ಬಿಣಕ್ಕೂ ನಾಲ್ಕು ಒಂಟಿ ಎಲೆಕ್ಟ್ರಾನು, ಆಕ್ಸಿಜನ್ ಹೊತ್ತ ರಕ್ತದಲ್ಲಿ ಸೊನ್ನೆ. ಸೋಜಿಗವೆಂದರೆ ಆಕ್ಸಿಜನ್ ಅಣುವಿನಲ್ಲೇ ಎರಡು ಒಂಟಿಗಳಿವೆ. ನಾಲ್ಕು ಮತ್ತು ಎರಡು ಸೇರಿ ಸೊನ್ನೆ! ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಎಂಆರ್‌ಐ ಚಿತ್ರಗಳು ಎರಡು ಬಗೆಯ ರಕ್ತದ ಈ ವ್ಯತ್ಯಾಸದ ಮೇಲೆಯೇ ನಿಂತಿವೆ. ಆ ದಾರಿಯನ್ನು 1990ರಲ್ಲಿ ತೋರಿಸಿದವರು ಸೇಜಿ ಒಗಾವಾ.

ಅನ್ನಭೇದಿಗೆ ನಾಲ್ಕು ಒಂಟಿಗಳಿದ್ದರೂ ಅಯಸ್ಕಾಂತ ಏಕೆ ಅಂಟಿ ಕೂರುವುದಿಲ್ಲ? ಒಂದೊಂದು ಪರಮಾಣುವನ್ನೇ ಎದುರುಬದುರು ನಿಲ್ಲಿಸಿದರೆ ಗೆಲ್ಲುವುದು ಅನ್ನಭೇದಿಯ ಕಬ್ಬಿಣವೇ. ಕಬ್ಬಿಣದ ಲೋಹದಲ್ಲಿ ಪರಮಾಣುವೊಂದಕ್ಕೆ ಬರುವ ಕಾಂತಬಲ ಸರಾಸರಿ 2.2 ಮಾತ್ರ. ಆದರೆ ಅನ್ನಭೇದಿಯಲ್ಲಿ ಪ್ರತಿ ಕಬ್ಬಿಣದ ಅಯಾನಿಗೂ ಏಳು ನೀರಿನ ಅಣುಗಳ ಬೇಲಿ. ಒಂದರ ದಿಕ್ಕು ಇನ್ನೊಂದಕ್ಕೆ ತಿಳಿಯದು. ಶಾಖದ ತಳಮಳದಲ್ಲಿ ಸಂತೆಯ ಜನರಂತೆ ಒಬ್ಬೊಬ್ಬರು ಒಂದೊಂದು ಕಡೆ ಮುಖ ಮಾಡಿರುತ್ತಾರೆ. ಅಯಸ್ಕಾಂತ ತಂದರೆ ಒಂದಿಷ್ಟು ಮುಖ ಅತ್ತ ತಿರುಗುತ್ತದೆ, ಅಷ್ಟೆ. ಲೋಹದಲ್ಲಿ ಬೇಲಿಯಿಲ್ಲ. ಪಕ್ಕದ ಪರಮಾಣುವಿನ ಎಲೆಕ್ಟ್ರಾನುಗಳೊಡನೆ ನೇರ ಒಡನಾಟವಿದ್ದು, ಒಂದೇ ಕಡೆ ಮುಖ ಮಾಡಿದರೆ ಶಕ್ತಿ ಉಳಿತಾಯವಾಗುತ್ತದೆ. ಇದು ಕ್ವಾಂಟಂ ಲೆಕ್ಕ, ಹೈಸನ್‌ಬರ್ಗ್ 1928ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಕೋಟ್ಯಂತರ ಪರಮಾಣುಗಳು ಒಟ್ಟಾಗಿ ತಿರುಗಿದಾಗ ಎಳೆತ ಲಕ್ಷಾಂತರ ಪಟ್ಟು ಹೆಚ್ಚುತ್ತದೆ.

ಆ ಒಗ್ಗಟ್ಟನ್ನು ಮುರಿಯಲು ಬೆಂಕಿ ಸಾಕು. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾದ ಕತ್ತಿ ಆ ಹೊತ್ತಿಗೆ ಅನ್ನಭೇದಿಯ ಅಣ್ಣ. ಹದ ಹಾಕಲು ಶಾಖ ಸಾಕೇ ಎಂದು ಅಯಸ್ಕಾಂತ ಹಿಡಿದು ನೋಡುವ ಕಮ್ಮಾರರಿದ್ದಾರೆ. ನಿಕ್ಕಲ್ ಇನ್ನೂ ಬೇಗ, 360 ಡಿಗ್ರಿಯ ಆಸುಪಾಸಿನಲ್ಲೇ, ಕೈಬಿಡುತ್ತದೆ. ಸಾಮಾನ್ಯ ಶಾಖದಲ್ಲಿ ಈ ಒಗ್ಗಟ್ಟು ತೋರುವ ಶುದ್ಧ ಸಂಕ್ರಮಣ ಲೋಹಗಳು ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಮೂರೇ. ಒಂಟಿಗಳಲ್ಲಿ ಶ್ರೀಮಂತನಾದ ಮ್ಯಾಂಗನೀಸ್ ಲೋಹಕ್ಕೆ ಪರಮಾಣುಗಳ ಅಂತರ ಒಗ್ಗದೆ ಅಕ್ಕಪಕ್ಕದವು ಬೆನ್ನು ತಿರುಗಿಸಿ ನಿಲ್ಲುತ್ತವೆ. ಅಂತರ ಬದಲಿಸಿದರೆ? 1903ರಲ್ಲಿ ಜರ್ಮನಿಯ ಫ್ರಿಟ್ಸ್ ಹೊಯ್ಸ್ಲರ್ ತಾಮ್ರ, ಮ್ಯಾಂಗನೀಸ್, ಅಲ್ಯೂಮಿನಿಯಂ ಸೇರಿಸಿ ಎರಕ ಹೊಯ್ದರು. ಮೂರರಲ್ಲಿ ಯಾವುದಕ್ಕೂ ಅಯಸ್ಕಾಂತ ಅಂಟದು, ಎರಕಕ್ಕೆ ಅಂಟಿತು.

ನಮ್ಮ ಕರ್ನಾಟಕದ ಅದಿರೇ ಇನ್ನೊಂದು ಉದಾಹರಣೆ. ಸಂಡೂರಿನ ಅದಿರು ಮುಖ್ಯವಾಗಿ ಹೆಮಟೈಟ್, ಕುದುರೆಮುಖದ್ದು ಮ್ಯಾಗ್ನಟೈಟ್. ಎರಡೂ ಕಬ್ಬಿಣದ ಆಕ್ಸೈಡ್. ಹೆಮಟೈಟಿನಲ್ಲಿ ಪರಮಾಣುಗಳ ಸಾಲುಗಳು ಎದುರುಬದುರಾಗಿ ಒಂದನ್ನೊಂದು ಬಹುತೇಕ ಅಳಿಸಿಹಾಕುತ್ತವೆ. ಮ್ಯಾಗ್ನಟೈಟಿನಲ್ಲೂ ಎದುರುಬದುರೇ, ಆದರೆ ಎರಡು ಪಕ್ಷದ ಸಂಖ್ಯೆ ಸಮವಿಲ್ಲ, ಲೆಕ್ಕದಲ್ಲಿ ಒಂದಿಷ್ಟು ಉಳಿಯುತ್ತದೆ. 1948ರಲ್ಲಿ ಲೂಯಿ ನೀಲ್ ವಿವರಿಸಿದ್ದು ಈ ಉಳಿಕೆಯನ್ನೇ. 2005ರ ಕೊನೆಯಲ್ಲಿ ಗಣಿಗಾರಿಕೆ ನಿಲ್ಲುವ ತನಕ ಕುದುರೆಮುಖದ ಬಡ ಅದಿರನ್ನು ಅರೆದು ಅಯಸ್ಕಾಂತದಿಂದ ಹೆಕ್ಕಿ, ಕೆಸರಾಗಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರಲ್ಲ, ಆ ಹೆಕ್ಕುವಿಕೆ ನಡೆದದ್ದು ಈ ಉಳಿಕೆಯ ಬಲದಲ್ಲಿ.

ಇನ್ನು ಪಾತ್ರೆ ಅಂಗಡಿ. ಅಂಟಿದರೆ ನಕಲಿ ಎಂಬ ಮಾತಿಗೆ ಒಂದು ಮೂಲವಿದೆ: ಬರೀ ಕಬ್ಬಿಣದ ತಗಡಿಗೆ ಹೊಳಪಿನ ಲೇಪ ಕೊಟ್ಟಿದ್ದರೂ ಅಂಟುತ್ತದೆ. ಆದರೆ ಇಂದಿನ ಮಾರುಕಟ್ಟೆಯಲ್ಲಿ ಆ ಪರೀಕ್ಷೆ ಹೆಚ್ಚಾಗಿ ತಪ್ಪು ದಾರಿಗೆ ಎಳೆಯುತ್ತದೆ.

ಒಳ್ಳೆಯ ಪಾತ್ರೆಗಳಿಗೆ ಬಳಸುವ 304 ಎಂಬ ದರ್ಜೆಯಲ್ಲಿ ಶೇಕಡ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕಲ್, ಉಳಿದದ್ದು ಬಹುಪಾಲು ಕಬ್ಬಿಣ. ಮುಕ್ಕಾಲು ಪಾಲಿನ ಹತ್ತಿರ ಕಬ್ಬಿಣವಿದ್ದೂ ಅಂಟುವುದಿಲ್ಲ. ಕಬ್ಬಿಣಕ್ಕೆ 912 ಡಿಗ್ರಿ ದಾಟಿದ ಮೇಲೆ ಪರಮಾಣುಗಳನ್ನು ಬೇರೆ ರೀತಿ ಜೋಡಿಸಿಕೊಳ್ಳುವ ಅಭ್ಯಾಸವಿದೆ. ನಿಕ್ಕಲ್ ಆ ಬಿಸಿ ಜೋಡಣೆಯನ್ನು ತಣ್ಣಗಾದ ಮೇಲೂ ಹಿಡಿದಿಡುತ್ತದೆ. ಆ ಜೋಡಣೆಯಲ್ಲಿ ಪರಮಾಣುಗಳ ಮುಖ ಒಂದೇ ಕಡೆ ಆಗುವುದಿಲ್ಲ. ನಿಕ್ಕಲ್ ಇಲ್ಲದ, ಶೇಕಡ 17ರ ಆಸುಪಾಸಿನ ಕ್ರೋಮಿಯಂ ಇರುವ 430 ದರ್ಜೆ ಮಾಮೂಲಿ ಕಬ್ಬಿಣದ ಜೋಡಣೆಯಲ್ಲೇ ಇರುತ್ತದೆ, ಗಟ್ಟಿಯಾಗಿ ಅಂಟುತ್ತದೆ. ಅದೂ ಅಪ್ಪಟ ಸ್ಟೇನ್‌ಲೆಸ್ ಸ್ಟೀಲೇ. ತುಕ್ಕು ತಡೆಯುವುದು ಕ್ರೋಮಿಯಂ ಮೇಲ್ಮೈಯಲ್ಲಿ ಕಟ್ಟುವ, ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ; ಅದಕ್ಕೂ ಅಯಸ್ಕಾಂತಕ್ಕೂ ಸಂಬಂಧವಿಲ್ಲ. ಉಪ್ಪು ಹುಳಿಗೆ 304 ಹೆಚ್ಚು ತಾಳುತ್ತದೆ ಎಂಬುದು ಮಾತ್ರ ನಿಜ.

ಮೋಸ ಹೋಗುವ ಜಾಗ ಬೇರೆಯೇ ಇದೆ. ನಿಕ್ಕಲ್ ದುಬಾರಿ. ಅದರ ಬಹುಪಾಲನ್ನು ಬಿಟ್ಟು ಮ್ಯಾಂಗನೀಸ್ ಮತ್ತು ನೈಟ್ರೊಜನ್ ಸೇರಿಸಿದ 200 ಸರಣಿಯ ಸ್ಟೀಲ್ ನಮ್ಮಲ್ಲಿ ಧಾರಾಳವಾಗಿ ಬಿಕರಿಯಾಗುತ್ತದೆ. ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಉಪ್ಪುನೀರು ನಿಂತರೆ 304ಕ್ಕಿಂತ ಬೇಗ ಕಲೆಯಾಗುತ್ತದೆ. ಅಂಗಡಿಯವರ ಪರೀಕ್ಷೆ ಅಗ್ಗದ 200 ಸರಣಿಗೆ ಶಹಬ್ಬಾಸ್ ಕೊಟ್ಟು, ಪ್ರಾಮಾಣಿಕ 430ನ್ನು ಕಳ್ಳನೆನ್ನುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ತಳದಲ್ಲಿ ಒತ್ತಿದ ದರ್ಜೆಯ ಗುರುತು ಕೇಳುವುದು, ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳುವುದು ಒಳ್ಳೆಯದು.

ಇಂಡಕ್ಷನ್ ಒಲೆಯ ಪಾತ್ರೆಗಳ ತಳಕ್ಕೆ ಬೇಕೆಂದೇ 430 ಅಂಟಿಸಿರುತ್ತಾರೆ. ಅಲ್ಲಿ ಅಯಸ್ಕಾಂತ ಅಂಟದಿದ್ದರೇ ತೊಂದರೆ. ಅಡುಗೆಮನೆಯ 304 ಸಿಂಕ್ ಇದ್ದರೆ ಸಮತಟ್ಟಾದ ಭಾಗಕ್ಕೆ ಅಯಸ್ಕಾಂತ ಹಿಡಿದು ನಂತರ ಮೂಲೆಯ ತಿರುವಿಗೆ ಹಿಡಿಯಿರಿ. ತಿರುವಿನಲ್ಲಿ ಸ್ವಲ್ಪ ಜಗ್ಗಬಹುದು. ತಗಡನ್ನು ತಣ್ಣಗೇ ಎಳೆದು ಬಗ್ಗಿಸಿದ ಜಾಗದಲ್ಲಿ ನಿಕ್ಕಲ್ಲಿನ ಹಿಡಿತ ಸಡಿಲಿ, ಒಂದಷ್ಟು ಪರಮಾಣುಗಳು ಹಳೆಯ ಕಬ್ಬಿಣದಂತಹ ಜೋಡಣೆಗೆ ಜಾರಿರುತ್ತವೆ. ಒಂದೇ ತಗಡು, ಒಂದೇ ಮಿಶ್ರಣ!

ಇನ್ನು ನಿಮ್ಮ ಕತ್ತಿ. ಕೆಂಪಗೆ ಕಂಡದ್ದು ಶುದ್ಧ ತಾಮ್ರ, ತುಕ್ಕಲ್ಲ. ತಾಮ್ರಕ್ಕೆ ಎಲೆಕ್ಟ್ರಾನಿನ ಆಸೆ ಹೆಚ್ಚು, ಕಬ್ಬಿಣಕ್ಕೆ ಬಿಟ್ಟುಕೊಡುವ ಸ್ವಭಾವ. ಇಬ್ಬರ ನಡುವೆ 0.78 ವೋಲ್ಟಿನ ಅಂತರವಿದೆ. ಕತ್ತಿಯ ಕಬ್ಬಿಣ ಎರಡು ಎಲೆಕ್ಟ್ರಾನು ಕೊಟ್ಟು ನೀರಿಗಿಳಿಯಿತು, ಅಂದರೆ ಅನ್ನಭೇದಿಯಾಯಿತು. ಅದನ್ನು ಪಡೆದ ತಾಮ್ರ ಅಲಗಿಗೆ ಅಂಟಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿನ ಕೊಳೆರೋಗಕ್ಕೆ ಬಳಕೆಗೆ ತಂದ ಈ ದ್ರಾವಣವನ್ನು ಕಬ್ಬಿಣದ ಪೀಪಾಯಿಯಲ್ಲಿ ಕಲಸಬಾರದು ಎನ್ನುವುದು ಇದಕ್ಕೇ: ಪೀಪಾಯಿಯೂ ತೂತಾಗುತ್ತದೆ, ಔಷಧಿಯ ತಾಮ್ರವೂ ಗೋಡೆಗೆ ಹೋಗುತ್ತದೆ.

ಕತ್ತಿ ಕೆಂಪಾಯಿತೆಂದರೆ ಸುಣ್ಣ ಸಾಲದೆ ತಾಮ್ರ ಇನ್ನೂ ಬಿಡಿಯಾಗಿ ಓಡಾಡುತ್ತಿದೆ ಎಂದರ್ಥ. ಆ ದ್ರಾವಣ ಎಳೆಯ ಕಾಯಿ, ಸಿಂಗಾರಗಳನ್ನು ಸುಡಬಹುದು. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಸರಿಯಿದ್ದರೂ ಹಳೆಯ, ಗಾಳಿ ಕುಡಿದ ಸುಣ್ಣದ ಬಲ ಕುಂದಿರುತ್ತದೆ. ತಿಳಿ ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಕಿ, ಉಜ್ಜಿ ಬೆಳಗಿದ ಅಲಗನ್ನು ಪ್ರತಿ ಸಲವೂ ಅದ್ದಿ ನೋಡಿ. ಕೆಂಪು ಕಟ್ಟುವುದು ನಿಂತ ಮೇಲೆ ಹೊಡೆಯಿರಿ.

ಕತ್ತಿ ಕೆಟ್ಟಿಲ್ಲ. ಪದರ ಎಷ್ಟು ತೆಳುವೆಂದರೆ ಕರಗಿದ ಕಬ್ಬಿಣವನ್ನು ಮನೆಯ ತಕ್ಕಡಿ ತೋರಿಸಲಾರದು. ಆದರೆ ತಾಮ್ರ ಮೆತ್ತಿದ ಕಬ್ಬಿಣ ಒದ್ದೆಯಾಗಿ ರಾತ್ರಿ ಕಳೆದರೆ ಅಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಬೂದಿ ಹಾಕಿ ತೆಂಗಿನ ನಾರಿನಲ್ಲಿ ಕೆಂಪು ಹೋಗುವ ತನಕ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಸವರಿಡಿ.